ಬಲಗಡೆಯ ಸೀಟು ಖಾಲಿ

ಜನವರಿಯ ಬೆಳಗು. ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಲ್ಲಿ ರನ್‌ವೇ ಅರ್ಧವೇ ಕಾಣುತ್ತಿದೆ, ಉಳಿದರ್ಧ ಮಂಜಿನೊಳಗೆ. ಪಡುವಣ ತುದಿಯಾಚೆ ಬಳ್ಳಾರಿ ರಸ್ತೆಯ ಮೇಲ್ಸೇತುವೆಯಲ್ಲಿ ದೇವನಹಳ್ಳಿ ಕಡೆಗೆ ಓಡುವ ಟ್ಯಾಕ್ಸಿಗಳ ಸದ್ದು ಬರುತ್ತದೆ, ಟ್ಯಾಕ್ಸಿ ಕಾಣುವುದಿಲ್ಲ. ಗಾಳಿಯ ದಿಕ್ಕು ತೋರಬೇಕಾದ ಬಟ್ಟೆಯ ಚೀಲ ಕಂಬಕ್ಕೆ ಜೋತುಬಿದ್ದಿದೆ. ಹ್ಯಾಂಗರಿನ ಮುಂದೆ ನಿಂತ ಸೆಸ್ನಾ 152ರ ರೆಕ್ಕೆಯಂಚಿನಿಂದ ಇಬ್ಬನಿ ತೊಟ್ಟಿಕ್ಕುತ್ತಿದೆ. ಅದರ ಕೆಳಗೆ ಕುಕ್ಕರುಗಾಲಲ್ಲಿ ಕೂತ ಹುಡುಗಿಯೊಬ್ಬಳು ಟ್ಯಾಂಕಿನ ತಳದಿಂದ ಒಂದಿಷ್ಟು ಪೆಟ್ರೋಲನ್ನು ಪಾರದರ್ಶಕ ಲೋಟಕ್ಕೆ ಬಸಿದು ಆಕಾಶಕ್ಕೆ ಹಿಡಿದು ನೋಡುತ್ತಿದ್ದಾಳೆ. ವಿಮಾನದ ಪೆಟ್ರೋಲಿಗೆ ತಿಳಿ ನೀಲಿ ಬಣ್ಣ. ರಾತ್ರಿಯ ತಣುವಿಗೆ ಟ್ಯಾಂಕಿನೊಳಗೆ ನೀರು ಕಟ್ಟಿದ್ದರೆ ಅದು ಲೋಟದ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ಕೂರುತ್ತದೆ. ಇವತ್ತು ಗುಳ್ಳೆಯಿಲ್ಲ. ಆದರೂ ಅವಳು ಇನ್ನೊಮ್ಮೆ ಬಸಿದು ನೋಡುತ್ತಾಳೆ.

ಆಫೀಸಿನ ಜಗಲಿಯಲ್ಲಿ ಟೀ ಹಿಡಿದು ನಿಂತ ಹಿರಿಯ ಕ್ಯಾಪ್ಟನ್ ಇದನ್ನು ನೋಡಿಯೂ ನೋಡದಂತೆ ನೋಡುತ್ತಿದ್ದಾರೆ. ಪಕ್ಕದಲ್ಲಿ ಕಿರಿಯ ಬೋಧಕ. ಇಷ್ಟು ದಿನ ಆ ಹುಡುಗಿಯ ಬಲಗಡೆ ಕೂತು ಹಾರಿಸಿದವನು ಅವನೇ. ಅರಸೀಕೆರೆ ಕಡೆಯ ಹುಡುಗಿ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿ ನೇರ ಇಲ್ಲಿಗೆ ಬಂದವಳು. ಇವತ್ತು ಅವಳನ್ನು ಒಬ್ಬಳೇ ಬಿಡಬಹುದೇ ಎಂಬುದು ಮಾತು. ಕಿರಿಯವನು ಲಾಗ್‌ಬುಕ್ ತೆರೆದು ಹಾರಿದ ಗಂಟೆಗಳ ಲೆಕ್ಕ ಒಪ್ಪಿಸಲು ಹೊರಟರೆ, ಕ್ಯಾಪ್ಟನ್ ಕೇಳುವ ಪ್ರಶ್ನೆಯೇ ಬೇರೆ: "ಅದಿರಲಿ ಮಾರಾಯ. ಹಿಂದಿನ ಮೂರು ಲ್ಯಾಂಡಿಂಗಲ್ಲಿ ನೀನು ಎಷ್ಟು ಸಲ ಬಾಯಿ ಬಿಟ್ಟೆ?"

ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ 1940ರ ದಶಕದ ಕೊನೆಯಿಂದ ಇಲ್ಲಿದೆ. ಇವತ್ತು ಅದು ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕೈಕೆಳಗಿನ ಸಂಸ್ಥೆ. ಊರ ಹೊರಗಿನ ಬಯಲಾಗಿದ್ದ ಜಾಗವನ್ನು ಊರು ಈಗ ನಾಲ್ಕೂ ಕಡೆಯಿಂದ ಸುತ್ತಿಕೊಂಡಿದೆ. 1949ರಲ್ಲಿ ಇಲ್ಲಿ ಕಲಿತು ತೇರ್ಗಡೆಯಾದ ಮೊದಲ ಮಹಿಳೆ ಉಷಾ ಸುಂದರಂ. 1951ರಲ್ಲಿ ಅವರು ಪತಿ ವಿ. ಸುಂದರಂ ಜೊತೆ ಡಿ ಹ್ಯಾವಿಲ್ಯಾಂಡ್ ಡವ್ ವಿಮಾನವನ್ನು ಇಂಗ್ಲೆಂಡಿನಿಂದ ಮುಂಬಯಿಗೆ 27 ಗಂಟೆ ತುಂಬುವುದರೊಳಗೆ ಹಾರಿಸಿ ತಂದರು. ಅದಕ್ಕೂ ಮುಂಚೆ, 1936ರಲ್ಲಿ, ಲಾಹೋರಿನ ಫ್ಲೈಯಿಂಗ್ ಕ್ಲಬ್ಬಿನಲ್ಲಿ 21 ವರ್ಷದ ಸರಳಾ ಠಕ್ರಾಲ್ ಸೀರೆಯುಟ್ಟೇ ಜಿಪ್ಸಿ ಮಾತ್ ಏರಿ ಒಬ್ಬರೇ ಹಾರಿದ್ದರು. ಅವರಿಬ್ಬರನ್ನೂ ಒಂದು ದಿನ ಯಾರೋ ಒಬ್ಬ ಬೋಧಕ 'ಹೋಗಿ ಬಾ' ಎಂದು ಕಳಿಸಿಯೇ ಇರಬೇಕು. ಚರಿತ್ರೆಯಲ್ಲಿ ಹಾರಿದವರ ಹೆಸರು ಉಳಿಯುತ್ತದೆ, ಇಳಿದು ನಿಂತವರದು ಉಳಿಯುವುದಿಲ್ಲ.

ಮಂಜು ಕರಗುವವರೆಗೆ ಹಾರಾಟವಿಲ್ಲ. ಕಣ್ಣಳತೆಯಲ್ಲಿ ಹಾರುವವರಿಗೆ ಕನಿಷ್ಠ 5 ಕಿಲೋಮೀಟರ್ ದೂರ ಕಾಣಬೇಕು. ಅಲ್ಲಿಯವರೆಗೆ ವಿದ್ಯಾರ್ಥಿಗಳ ಕೋಣೆಯಲ್ಲಿ ಹರಟೆ. ಬಿಳಿ ಅಂಗಿ ತೊಟ್ಟು, ಬ್ರೆತ್ ಅನಲೈಸರಿಗೆ ಊದಿ ಬಂದು ಕೂತವರ ನಡುವೆ ಒಂದೇ ಪ್ರಶ್ನೆ ತಿರುಗುತ್ತಿರುತ್ತದೆ: "ನಿಂದು ಎಷ್ಟು ಅವರ್‌ಗೆ ಆಯ್ತು?" ಹನ್ನೆರಡಕ್ಕೇ ಸೋಲೊ ಆದವನು ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ. ಇಪ್ಪತ್ತು ದಾಟಿಯೂ ಆಗದವನು ಮೊಬೈಲಿನಲ್ಲಿ ಹವಾಮಾನ ನೋಡುವ ನೆಪದಲ್ಲಿ ತಲೆ ತಗ್ಗಿಸಿದ್ದಾನೆ. ಮನೆಯಿಂದ ಫೋನ್ ಬರುತ್ತದೆ. ಸಾಲ ಮಾಡಿ ಲಕ್ಷಗಟ್ಟಲೆ ಕಟ್ಟಿದ ಅಪ್ಪ, "ಇನ್ನೂ ಒಬ್ನೇ ಬಿಟ್ಟಿಲ್ವೇನೋ?" ಎನ್ನುತ್ತಾರೆ. ಪ್ರತಿ ಗಂಟೆಗೂ ಬಿಲ್ ಏರುವ ವಿದ್ಯೆಯಲ್ಲಿ ಅಪ್ಪನ ಪ್ರಶ್ನೆ ತಪ್ಪೆನ್ನುವಂತಿಲ್ಲ.

ಆದರೆ ಗಂಟೆಯ ಲೆಕ್ಕಕ್ಕೆ ಇಲ್ಲಿ ಕಿಮ್ಮತ್ತು ಕಡಿಮೆ. ನಿಯಮಗಳು ಬಾಗಿಲು ಎಲ್ಲಿದೆಯೆಂದು ಹೇಳುತ್ತವೆ, ಅಷ್ಟೆ. ವಿದ್ಯಾರ್ಥಿ ಪೈಲಟ್ ಲೈಸೆನ್ಸಿಗೆ 16 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ವೈದ್ಯರ ಸರ್ಟಿಫಿಕೇಟ್ ಬೇಕು. ವಾಯುನಿಯಮ, ಹವಾಮಾನ, ದಿಕ್ಕುದಾರಿ, ಎಂಜಿನ್ ಕುರಿತ ಪರೀಕ್ಷೆಯಲ್ಲಿ ಗೆಲ್ಲಬೇಕು. ಒಬ್ಬರೇ ಹಾರುವಾಗ ಪ್ರಯಾಣಿಕರನ್ನು ಕೂರಿಸಿಕೊಳ್ಳುವಂತಿಲ್ಲ, ಬೋಧಕರ ಅನುಮತಿಯಿಲ್ಲದೆ ಚಕ್ರ ಉರುಳಿಸುವಂತಿಲ್ಲ. ಅಮೆರಿಕದ ನಿಯಮವೂ ಸೋಲೊಗೆ ಮುಂಚೆ ಕಲಿತಿರಬೇಕಾದ ವಿದ್ಯೆಗಳ ಉದ್ದ ಪಟ್ಟಿ ಕೊಡುತ್ತದೆ, ಇಂತಿಷ್ಟು ಗಂಟೆ ಎನ್ನುವುದಿಲ್ಲ. ಆ ಪಟ್ಟಿ ಮುಗಿದ ಮೇಲೆ ಉಳಿಯುವುದು ಬಲಗಡೆ ಕೂತವರ ಕಣ್ಣು. ದಿನವೂ ಹಾರಿಸುವ ಕಿರಿಯ ಬೋಧಕ ಒಬ್ಬನೇ ತೀರ್ಮಾನ ಮಾಡುವುದಿಲ್ಲ. ಹಿರಿಯರು ಒಮ್ಮೆ ಜೊತೆಗೆ ಹಾರಿ ನೋಡುತ್ತಾರೆ.

ಎಂಟೂವರೆಯ ಹೊತ್ತಿಗೆ ಮಂಜು ಹರಿಯಿತು. ರನ್‌ವೇಯ ತುದಿಯಲ್ಲಿ ಬಳಿದ 08 ಎಂಬ ಅಂಕಿ ಬಿಸಿಲಿಗೆ ಬೆಳ್ಳಗೆ ಎದ್ದಿದೆ. ಮೂಡಣಕ್ಕೆ ಮುಖ ಮಾಡಿದ ದಾರಿ, ದಿಕ್ಸೂಚಿಯಲ್ಲಿ ಸುಮಾರು 80 ಡಿಗ್ರಿ, ಅದಕ್ಕೇ 08. ಎದುರು ತುದಿಗೆ 26. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಚಳಿಗಾಲದಲ್ಲಿ ಬೆಂಗಳೂರಿಗೆ ಗಾಳಿ ಹೆಚ್ಚಾಗಿ ಮೂಡಣದಿಂದ, ಮಳೆಗಾಲದಲ್ಲಿ ಪಡುವಣದಿಂದ. ಮೊದಲ ಸೋಲೊಗೆ ಬೆಳಗಿನ ಈ ಹೊತ್ತೇ ಸರಿ. ಊರೇ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ, ಗಾಳಿ ಮೊದಲೇ ತೆಳು. ಬೇಸಿಗೆಯ ಮಧ್ಯಾಹ್ನ 33 ಡಿಗ್ರಿ ಸೆಕೆಯೇರಿದರೆ ಅದು ಇನ್ನಷ್ಟು ತೆಳುವಾಗಿ, ವಿಮಾನದ ಮಟ್ಟಿಗೆ ನೆಲವೇ ಸುಮಾರು 6000 ಅಡಿ ಮೇಲಿದ್ದಂತೆ ಆಗುತ್ತದೆ. ಓಟ ಉದ್ದವಾಗುತ್ತದೆ, ಏರಿಕೆ ಮಂದವಾಗುತ್ತದೆ, ಕಾದ ನೆಲದಿಂದೇಳುವ ಗಾಳಿ ರೆಕ್ಕೆಗಳನ್ನು ಎತ್ತಿ ಕುಕ್ಕುತ್ತದೆ. ಹೊಸಬರಿಗೆ ಅದು ಬೇಡ.

ಇಬ್ಬರೂ ಹತ್ತಿ ಕೂತರು. ಎಡಗಡೆ ಹುಡುಗಿ, ಬಲಗಡೆ ಕ್ಯಾಪ್ಟನ್, ಭುಜಕ್ಕೆ ಭುಜ ತಾಗುವಷ್ಟು ಇಕ್ಕಟ್ಟು. ಚೆಕ್‌ಲಿಸ್ಟ್ ಬಾಯಲ್ಲಿ ಓಡುತ್ತಿದ್ದರೂ ಅವಳ ಬೆರಳು ಒಂದೊಂದು ಗುಬುಟನ್ನೂ ಮುಟ್ಟಿಯೇ ಮುಂದೆ ಹೋಗುತ್ತದೆ. ಕ್ಯಾಪ್ಟನ್ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಾರೆ.

ಸೋಲೊಗೆ ಮುಂಚಿನ ವಾರಗಳೆಲ್ಲ ಕಳೆಯುವುದು ಸರ್ಕಿಟ್ ಎಂಬ ಒಂದೇ ಸುತ್ತಿನಲ್ಲಿ. ಏರು, ತಿರುಗು, ನೆಲದಿಂದ ಸುಮಾರು 1000 ಅಡಿಗೆ ಬಂದು ರನ್‌ವೇಗೆ ಸಮಾನಾಂತರವಾಗಿ ಹಿಂದಕ್ಕೆ ಹಾರು, ಇದು ಡೌನ್‌ವಿಂಡ್. ಮತ್ತೆ ತಿರುಗು, ಇಳಿಯುತ್ತಾ ಬಾ, ಇದು ಬೇಸ್. ಕೊನೆಯ ತಿರುವಿನಲ್ಲಿ ರನ್‌ವೇ ಕಣ್ಣ ಮುಂದೆ ನೆಟ್ಟಗೆ ನಿಂತರೆ ಫೈನಲ್. ಗಾಳಿಯಲ್ಲಿರುವುದು ಆರೇಳು ನಿಮಿಷ, ಆ ಆರೇಳು ನಿಮಿಷದಲ್ಲಿ ಮೈಯೆಲ್ಲ ಕೆಲಸ. ಕಣ್ಣು ಹೊರಗೆ, ಮಧ್ಯೆ ಒಂದು ಕ್ಷಣ ವೇಗದ ಮುಳ್ಳಿಗೆ. ಕೈ ಥ್ರಾಟಲ್ ಮೇಲೆ, ಕಾಲು ರಡ್ಡರ್ ಮೇಲೆ, ಕಿವಿ ರೇಡಿಯೊದಲ್ಲಿ. ಹತ್ತಿರದಲ್ಲಿ ಜಕ್ಕೂರು ಕೆರೆಯಿದೆ. ಅಲ್ಲಿಗೆ ಬರುವ ಹೆಜ್ಜಾರ್ಲೆಗಳಿಗೆ ಸರ್ಕಿಟ್ಟಿನ ನಿಯಮ ಗೊತ್ತಿಲ್ಲ, ಅವುಗಳ ಮೇಲೂ ಒಂದು ಕಣ್ಣಿರಬೇಕು.

ಏರುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಕಾಡುವುದು ಇಳಿಯುವುದು. ಗಂಟೆಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ನೆಲ ಎದ್ದು ಬರುತ್ತಿರುವಾಗ, ಚಕ್ರ ತಾಗುವ ಮುಂಚಿನ ಕೆಲವೇ ಅಡಿಗಳಲ್ಲಿ, ಎಂಜಿನ್ ಸದ್ದಡಗಿಸಿ ಮೂತಿಯನ್ನು ಮೆಲ್ಲಗೆ ಎತ್ತುತ್ತಾ ಹೋಗಬೇಕು. ಬೇಗ ಎತ್ತಿದರೆ ವಿಮಾನ ಮೇಲೆಯೇ ತೇಲಿ, ವೇಗ ಸತ್ತು, ಧೊಪ್ಪನೆ ಬೀಳುತ್ತದೆ. ತಡವಾದರೆ ಮುಂದಿನ ಚಕ್ರ ಮೊದಲು ಬಡಿದು ಪುಟಿಯುತ್ತದೆ. ಪುಟಿದದ್ದನ್ನು ಅದುಮಲು ಹೋದರೆ ಎರಡನೆಯ ಪುಟಿತ ಇನ್ನೂ ಎತ್ತರ, ಮೂರನೆಯದಕ್ಕೆ ಚಕ್ರದ ಕಾಲೇ ಮುರಿಯಬಹುದು. ಹೊಸಬರು ನೋಡುವುದು ಮೂತಿಯ ಕೆಳಗಿನ ಡಾಂಬರನ್ನು. ನೋಡಬೇಕಾದದ್ದು ರನ್‌ವೇಯ ಕೊನೆಯನ್ನು. ದೂರಕ್ಕೆ ನೋಡಿದಾಗಲೇ ನೆಲ ಎಷ್ಟು ಹತ್ತಿರವಿದೆಯೆಂದು ಮೈಗೆ ಗೊತ್ತಾಗುವುದು. ಈ ಮಾತನ್ನು ಬೋಧಕ ಮೊದಲ ದಿನವೇ ಹೇಳಿರುತ್ತಾನೆ, ಕಣ್ಣು ಒಪ್ಪಿಕೊಳ್ಳಲು ವಾರಗಳು ಬೇಕು. ನಡುವೆ ಒಂದು ಕೆಟ್ಟ ಕಾಲವೂ ಬರುತ್ತದೆ. ನಿನ್ನೆ ಬಂದದ್ದು ಇವತ್ತು ಬರುವುದಿಲ್ಲ, ಹೆಚ್ಚು ಪ್ರಯತ್ನಪಟ್ಟಷ್ಟೂ ಕೈ ಬಿಗಿಯಾಗುತ್ತದೆ. 'ನಂಗೆ ಇದು ಆಗಲ್ಲ' ಎಂದು ಹಾಸ್ಟೆಲಿನಲ್ಲಿ ದಿಂಬಿಗೆ ಹೇಳಿಕೊಂಡವರು ಕಡಿಮೆಯಿಲ್ಲ.

ಈ ಹಂತದಲ್ಲಿ ಬೋಧಕನಿಗೂ ಒಂದು ಚಾಳಿ ಅಂಟಿಕೊಳ್ಳುತ್ತದೆ. ಸೆಸ್ನಾದಲ್ಲಿ ಎರಡೂ ಕಡೆ ಸ್ಟಿಯರಿಂಗ್ ಉಂಟು, ಎರಡೂ ಕಡೆ ಪೆಡಲ್ ಉಂಟು. ವಿದ್ಯಾರ್ಥಿಯ ಕಾಲು ಸೋಮಾರಿಯಾದಾಗ ಬೋಧಕನ ಕಾಲು ತನಗೇ ತಿಳಿಯದಂತೆ ಪೆಡಲನ್ನು ಒಂದಿಷ್ಟು ಒತ್ತಿರುತ್ತದೆ. ಮೂತಿ ನೆಟ್ಟಗಾಗುತ್ತದೆ. ವಿದ್ಯಾರ್ಥಿ ತನ್ನ ಲ್ಯಾಂಡಿಂಗ್ ಚೆನ್ನಾಯಿತೆಂದು ಹಿಗ್ಗುತ್ತಾನೆ. ಹಳ್ಳಿಯ ಬಾವಿಯಲ್ಲಿ ಈಜು ಕಲಿಯುವ ಹುಡುಗನ ಸೊಂಟಕ್ಕೆ ಬೆಂಡು ಕಟ್ಟುತ್ತಾರಲ್ಲ, ಅಂಥದ್ದೇ ಪಾಡು ಇದು: ತೇಲುತ್ತಿರುವುದು ತಾನೋ ಬೆಂಡೋ ಹುಡುಗನಿಗೆ ತಿಳಿಯುವುದಿಲ್ಲ. ಹಿರಿಯ ಕ್ಯಾಪ್ಟನ್ ಬೆಳಗ್ಗೆ ಕಿರಿಯವನನ್ನು ಕೇಳಿದ ಪ್ರಶ್ನೆಯ ಗುರಿ ಇದೇ. ಅವರು ಹುಡುಗಿಗಿಂತ ಮೊದಲು ಪರೀಕ್ಷೆ ಮಾಡುತ್ತಿದ್ದದ್ದು ಬೋಧಕನನ್ನು. ನಿನ್ನ ಕೈಕಾಲು, ನಿನ್ನ ಮಾತು, ನಿನ್ನ ಕೆಮ್ಮು ಇವೆಲ್ಲವನ್ನೂ ತೆಗೆದರೂ ಆ ಲ್ಯಾಂಡಿಂಗ್ ಆಗುತ್ತಿತ್ತೇ? ಬೋಧಕ ನಿರುದ್ಯೋಗಿಯಾದ ದಿನ ವಿದ್ಯಾರ್ಥಿ ಸೋಲೊಗೆ ಸಿದ್ಧ.

ಮೊದಲ ಸುತ್ತಿನಲ್ಲಿ ಕ್ಯಾಪ್ಟನ್ ಏನೂ ಹೇಳಲಿಲ್ಲ. ಎರಡನೆಯ ಸುತ್ತು ಶುರುವಾಗುತ್ತಿದ್ದಂತೆ ಕಾಗದದ ಚೂರೊಂದನ್ನು ವೇಗದ ಮಾಪಕಕ್ಕೆ ಅಡ್ಡ ಅಂಟಿಸಿದರು. "ಇದು ಕೆಟ್ಟೋಯ್ತು. ಈಗ ಇಳಿಸು." ಹುಡುಗಿ ಒಂದು ಉಸಿರು ಬಿಟ್ಟಳು, ಅಷ್ಟೆ. ಎಂಜಿನ್ನಿನ ಸದ್ದು, ಮೂತಿಗೂ ದಿಗಂತಕ್ಕೂ ನಡುವಿನ ಅಂತರ, ಕೈಗೆ ಸಿಗುವ ಬಿಗಿ, ಇವನ್ನೇ ನಂಬಿ ಇಳಿಸಿದಳು. ಮೂರನೆಯ ಸುತ್ತಿನ ಡೌನ್‌ವಿಂಡಿನಲ್ಲಿ ಅವರ ಕೈ ಥ್ರಾಟಲನ್ನು ಪೂರ್ತಿ ಹಿಂದಕ್ಕೆಳೆಯಿತು. "ಎಂಜಿನ್ ಹೋಯ್ತು." ಸದ್ದು ಕುಸಿದು ಗಾಳಿಯ ಸುಯ್ಲಷ್ಟೇ ಉಳಿಯಿತು. ಇಲ್ಲಿ ಗಾಬರಿಯಾದವರು ಮೂತಿ ಎತ್ತುತ್ತಾರೆ, ಎತ್ತರ ಉಳಿಸಿಕೊಳ್ಳುವ ಆಸೆಗೆ. ಎತ್ತರವೂ ಉಳಿಯುವುದಿಲ್ಲ, ವೇಗವೂ ಹೋಗುತ್ತದೆ. ರೆಕ್ಕೆ ಗಾಳಿಯ ಹಿಡಿತ ಬಿಟ್ಟುಕೊಡುವ ಆ ಸ್ಥಿತಿಯೇ ಸ್ಟಾಲ್. ಹುಡುಗಿ ಮೂತಿ ತಗ್ಗಿಸಿ ವೇಗ ಹಿಡಿದಳು, ರನ್‌ವೇ ಕಡೆಗೆ ಆಗಲೇ ತಿರುಗಿದಳು, ಆಮೇಲೆ ಪೆಟ್ರೋಲ್ ಕವಾಟ, ಸ್ವಿಚ್ಚುಗಳತ್ತ ಕೈ ಹಾಕಿದಳು. ಮೊದಲು ಹಾರಿಸು, ಆಮೇಲೆ ಹುಡುಕು. ಈ ಕ್ರಮ ತಪ್ಪದಿರುವುದೇ ಉತ್ತರ.

"ಏರುವಾಗಲೇ ಹೋದ್ರೆ?" ಎಂದರು.

"ನೇರಕ್ಕೇ ಇಳೀಬೇಕು ಸರ್. ವಾಪಸ್ ತಿರುಗಬಾರದು."

ಹೊರಟ ರನ್‌ವೇ ಬೆನ್ನ ಹಿಂದೆಯೇ ಇದೆ, ಮನಸ್ಸು ಅಲ್ಲಿಗೇ ಎಳೆಯುತ್ತದೆ. ಆದರೆ ಕೆಲವೇ ನೂರು ಅಡಿ ಎತ್ತರದಲ್ಲಿ ಎಂಜಿನ್ನಿಲ್ಲದೆ ಹಿಂದಕ್ಕೆ ತಿರುಗುವಷ್ಟು ಎತ್ತರ ಕೈಯಲ್ಲಿರುವುದಿಲ್ಲ. ಮುಂದಿರುವ ಬಯಲೋ ಖಾಲಿ ಸೈಟೋ, ಅದೇ ಗತಿ. ಸುತ್ತ ಬಯಲೇ ಇದ್ದ ಕಾಲದಲ್ಲಿ ಜಕ್ಕೂರಿನ ವಿದ್ಯಾರ್ಥಿಗೆ ಈ ಉತ್ತರ ಸಲೀಸಿತ್ತು. ಅಪಾರ್ಟ್‌ಮೆಂಟುಗಳ ನಡುವೆ ಹಾರುವ ಇಂದಿನವರು ಏರುವ ಮುಂಚೆಯೇ ಯಾವ ಖಾಲಿ ಜಾಗ ಎಲ್ಲಿದೆಯೆಂದು ಲೆಕ್ಕ ಹಾಕಿಕೊಳ್ಳಬೇಕು.

ಇಷ್ಟೆಲ್ಲ ಬಂದವರನ್ನೂ ಕೆಲವು ದಿನ ಬಿಡುವುದಿಲ್ಲ. ನುಣುಪಾಗಿ ಇಳಿಸುವವನೊಬ್ಬ ಇರುತ್ತಾನೆ, ಚಕ್ರ ತಾಗಿದ್ದೇ ತಿಳಿಯುವುದಿಲ್ಲ. ಆದರೆ ತಿರುಗುವ ಮುಂಚೆ ಆ ಕಡೆ ಕತ್ತು ಹೊರಳಿಸುವುದಿಲ್ಲ, ಇನ್ನೊಂದು ವಿಮಾನ ರೇಡಿಯೊದಲ್ಲಿ ಫೈನಲ್ ಎಂದದ್ದು ಅವನ ಕಿವಿಗೆ ಬಿದ್ದಿರುವುದಿಲ್ಲ. ಅವನಿಗೆ ಇವತ್ತಲ್ಲ. ಇನ್ನೊಬ್ಬ ತಪ್ಪಾದರೆ ಗಾಳಿಯನ್ನು ಬಯ್ಯುತ್ತಾನೆ, ವಿಮಾನವನ್ನು ಬಯ್ಯುತ್ತಾನೆ. ಅವನಿಗೂ ಇವತ್ತಲ್ಲ. ರಾತ್ರಿ ನಿದ್ದೆಗೆಟ್ಟವಳಿಗೆ, ಜ್ವರ ಬಿಟ್ಟು ಎರಡೇ ದಿನವಾದವನಿಗೆ, ಮನೆಯ ಜಗಳದ ಫೋನನ್ನು ಈಗಷ್ಟೇ ಇಟ್ಟವನಿಗೆ ಕೂಡ ಇವತ್ತಲ್ಲ. ಕಾರಣ ಕೇಳಿದರೆ ಬೋಧಕರು "ನಾಳೆ ನೋಡೋಣ" ಎನ್ನುತ್ತಾರೆ. ಆ ಎರಡು ಮಾತಿನ ಹಿಂದೆ ಎಷ್ಟು ಸಂಗತಿಗಳಿವೆಯೆಂದು ಗೊತ್ತಾಗುವುದು ಮುಂದೆ ತಾವೇ ಬಲಗಡೆ ಕೂತಾಗ.

ನಾಲ್ಕನೆಯ ಸುತ್ತಿನಲ್ಲಿ ಹುಡುಗಿ ಫೈನಲಿಗೆ ಬಂದದ್ದು ಕೊಂಚ ಎತ್ತರವಾಯಿತು. ಬಳ್ಳಾರಿ ರಸ್ತೆಯ ಮೇಲೆ ಬರುವಾಗಲೇ ಕ್ಯಾಪ್ಟನ್ನಿಗೆ ಅದು ಕಂಡಿತ್ತು. ತೊಡೆಯ ಮೇಲಿನ ಕೈ ಎತ್ತಲಿಲ್ಲ. ರನ್‌ವೇಯ ಮೇಲೆ ವಿಮಾನ ತೇಲುತ್ತಾ ತೇಲುತ್ತಾ ಹೋಯಿತು, ಮೂರನೆಯ ಒಂದು ಪಾಲು ಡಾಂಬರು ಹಿಂದೆ ಸರಿಯಿತು. ಇನ್ನೂ ಇಳಿಸಬಹುದಿತ್ತು. ಜಾಗವಿತ್ತು, ಬ್ರೇಕ್ ಇತ್ತು, ಪಕ್ಕದಲ್ಲಿ ದೊಡ್ಡವರು ಪರೀಕ್ಷಿಸುತ್ತಾ ಕೂತಿರುವಾಗ ಇಳಿಸಿಬಿಡುವ ಆಸೆಯೂ ಇದ್ದಿರಬೇಕು. ಅವಳ ಕೈ ಥ್ರಾಟಲನ್ನು ಪೂರ್ತಿ ಮುಂದಕ್ಕೆ ದೂಡಿತು. "ಗೋಯಿಂಗ್ ಅರೌಂಡ್" ಎಂದು ರೇಡಿಯೊದಲ್ಲಿ ಹೇಳಿ ಮತ್ತೆ ಏರಿದಳು. ಕ್ಷಮೆ ಕೇಳಲಿಲ್ಲ, ಪಕ್ಕಕ್ಕೆ ತಿರುಗಿ ಮುಖ ನೋಡಲಿಲ್ಲ.

ಮುಂದಿನ ಸುತ್ತಿನಲ್ಲಿ ಇಳಿದ ಮೇಲೆ ಕ್ಯಾಪ್ಟನ್ "ಪಕ್ಕಕ್ಕೆ ತಗೊಂಡು ನಿಲ್ಸಮ್ಮ" ಎಂದರು. ತಮ್ಮ ಬೆಲ್ಟ್ ಬಿಚ್ಚಿ ಇಳಿದರು. ಖಾಲಿ ಸೀಟಿನ ಮೇಲೆ ಆ ಬೆಲ್ಟನ್ನು ಅಡ್ಡಕ್ಕೆ ಹಾಕಿ ಬಿಗಿದು, ಸಡಿಲ ತುದಿ ಸ್ಟಿಯರಿಂಗಿಗೆ ಸಿಕ್ಕದಂತೆ ತುರುಕಿದರು. "ಒಂದೇ ಸರ್ಕಿಟ್. ಇಷ್ಟ ಆಗಿಲ್ಲ ಅಂದ್ರೆ ಇಳೀಬೇಡ, ಇನ್ನೊಂದು ಸುತ್ತು ಹಾಕು. ಪೆಟ್ರೋಲ್ ಬೇಕಾದಷ್ಟಿದೆ. ನಾನಿಲ್ಲ ಅಂತ ಹಗುರ ಇರತ್ತೆ, ಬೇಗ ಏಳತ್ತೆ, ಗೊತ್ತಿರ್ಲಿ." ಬಾಗಿಲು ಹಾಕಿ, ಎರಡು ಸಲ ತಟ್ಟಿ, ಪ್ರೊಪೆಲ್ಲರಿನ ಕಡೆ ಹೋಗದೆ ಹಿಂದಿನಿಂದ ಸುತ್ತಿ ದೂರ ಬಂದರು.

ಹಗುರದ ಮಾತು ಸಮಾಧಾನಕ್ಕೆ ಹೇಳಿದ್ದಲ್ಲ. ಸೆಸ್ನಾ 152 ಹೊರಬಹುದಾದ ತೂಕ, ತನ್ನದೂ ಸೇರಿ, 757 ಕಿಲೋ. ಅದರಿಂದ 75 ಕಿಲೋದ ಮನುಷ್ಯ ಇಳಿದರೆ ಹತ್ತನೇ ಒಂದು ಪಾಲು ಹೋದ ಹಾಗೆ. ಚಕ್ರ ಅಂದಾಜಿಗಿಂತ ಮೊದಲೇ ನೆಲ ಬಿಡುತ್ತದೆ, 1000 ಅಡಿ ಅಂದಾಜಿಗಿಂತ ಮೊದಲೇ ಬಂದುಬಿಡುತ್ತದೆ, ಇಳಿಯುವಾಗ ಹೆಚ್ಚು ತೇಲುತ್ತದೆ. ಇಷ್ಟು ದಿನ ಮೈ ಕಂಠಪಾಠ ಮಾಡಿಕೊಂಡ ಲೆಕ್ಕವೆಲ್ಲ ಒಂದಿಷ್ಟು ಜರುಗುವುದು ಒಬ್ಬಳೇ ಇರುವ ಆ ಸುತ್ತಿನಲ್ಲಿಯೇ.

ವಿಮಾನ ಎದ್ದಿತು. ಹುಲ್ಲಂಚಿನಲ್ಲಿ ಕಿರಿಯ ಬೋಧಕ ಕೈಯಲ್ಲಿ ರೇಡಿಯೊ ಹಿಡಿದು ನಿಂತಿದ್ದಾನೆ. ಗುಂಡಿ ಒತ್ತಿದರೆ ಮಾತಾಡಬಹುದು. ಹೆಬ್ಬೆರಳು ಗುಂಡಿಯ ಮೇಲೆಯೇ ಇದೆ. "ಸುಮ್ನಿರು" ಎಂದರು ಕ್ಯಾಪ್ಟನ್, ಆಕಾಶದಿಂದ ಕಣ್ಣು ತೆಗೆಯದೆ. ಹ್ಯಾಂಗರಿನ ಮೆಕ್ಯಾನಿಕ್ಕುಗಳು ಸ್ಪ್ಯಾನರ್ ಕೆಳಗಿಟ್ಟು ಹೊರಗೆ ಬಂದರು. ವಿದ್ಯಾರ್ಥಿಗಳೆಲ್ಲ ಕೋಣೆ ಬಿಟ್ಟು ಬಂದರು. ರೇಡಿಯೊದಲ್ಲಿ ಅವಳ ದನಿ ಬಂತು: ವಿಕ್ಟರ್ ಟ್ಯಾಂಗೊ ಎಂದು ಶುರುವಾಗುವ ಕರೆಹೆಸರು, ಆಮೇಲೆ ಡೌನ್‌ವಿಂಡ್. ದನಿ ಎಂದಿಗಿಂತ ಕೊಂಚ ಮೇಲಿನ ಸ್ಥಾಯಿಯಲ್ಲಿತ್ತು, ಮಾತು ಮಾತ್ರ ಪೂರ್ತಿಯಿತ್ತು. ಬೇಸ್. ಫೈನಲ್. ಮೇಲ್ಸೇತುವೆಯ ಮೇಲೆ ದಾಟಿ, ಅಂಕಿಯ ಮೇಲೆ ದಾಟಿ, ಮೂತಿ ಎತ್ತಿ, ತೇಲಿ, ಒಂದು ಸಣ್ಣ ಪುಟಿತ. ಪುಟಿದದ್ದನ್ನು ಅದುಮದೆ ಹಾಗೇ ಹಿಡಿದುಕೊಂಡಳು. ವಿಮಾನ ತಾನಾಗಿಯೇ ಕೂತಿತು.

ಎಂಜಿನ್ ನಿಂತು ಬಾಗಿಲು ತೆರೆಯುವುದಕ್ಕೂ ಬಕೆಟ್ ನೀರು ತಲೆಯ ಮೇಲೆ ಬೀಳುವುದಕ್ಕೂ ಸರಿಹೋಯಿತು. ನಮ್ಮ ಫ್ಲೈಯಿಂಗ್ ಕ್ಲಬ್ಬುಗಳ ಶಾಸ್ತ್ರ ಇದು. ಅಮೆರಿಕದಲ್ಲಿ ಅಂಗಿಯ ಬೆನ್ನಿನ ತುಂಡು ಕತ್ತರಿಸುತ್ತಾರೆ. ಒಬ್ಬರ ಹಿಂದೊಬ್ಬರು ಕೂರುತ್ತಿದ್ದ, ರೇಡಿಯೊ ಇಲ್ಲದ ಹಳೆಯ ವಿಮಾನಗಳಲ್ಲಿ ಬೋಧಕ ಹಿಂದಿನಿಂದ ವಿದ್ಯಾರ್ಥಿಯ ಅಂಗಿ ಜಗ್ಗಿ ಎಚ್ಚರಿಸುತ್ತಿದ್ದನಂತೆ. ಇನ್ನು ಜಗ್ಗುವ ಅಗತ್ಯವಿಲ್ಲವೆಂದು ಆ ತುಂಡನ್ನೇ ತೆಗೆದುಬಿಡುವುದು. ತೊಯ್ದ ತಲೆಯಲ್ಲೇ ಹುಡುಗಿ ಮನೆಗೆ ಫೋನ್ ಹಚ್ಚಿದಳು. "ಅಮ್ಮಾ, ಆಯ್ತು" ಎಂಬುದರಾಚೆ ಮಾತು ಹೊರಡಲಿಲ್ಲ. ಸಂತೆಯಲ್ಲಿದ್ದ ಅಪ್ಪನಿಗೆ ಆಮೇಲೆ ಮಾಡಬೇಕು.

"ಕೊನೇಲಿ ಚೆನ್ನಾಗಿ ಇಳಿಸ್ತಾಳೆ ಅಂತ ಬಿಟ್ರಾ ಸರ್?" ಎಂದು ಕಿರಿಯ ಬೋಧಕ ಕೇಳಿದ.

"ಇಳೀದೇ ಇದ್ಲಲ್ಲ, ಅದಕ್ಕೆ ಬಿಟ್ಟೆ" ಎಂದರು ಕ್ಯಾಪ್ಟನ್.

ಆಫೀಸಿನಲ್ಲಿ ಲಾಗ್‌ಬುಕ್ ತೆರೆಯಿತು. ಇಲ್ಲಿಯವರೆಗೆ ತುಂಬಿದ್ದೆಲ್ಲ ಬೋಧಕರ ಜೊತೆಗಿನ ಹಾರಾಟದ ಕಲಮು. ವಿಮಾನದ ಹೊಣೆ ಹೊತ್ತವರ ಹೆಸರಿನ ಜಾಗದಲ್ಲಿ ಇವತ್ತು ಮೊದಲ ಸಲ ಅವಳ ಹೆಸರೇ. ಹಾರಾಟದ ಅವಧಿ 10 ನಿಮಿಷ. ಮುಂದೆ ಹೀಗೆಯೇ 10 ಗಂಟೆ ಒಬ್ಬಳೇ ಹಾರಿದ ಮೇಲೆ ಊರು ಬಿಟ್ಟು ದೂರ ಹೋಗಲು ಅನುಮತಿ. ಸಂಬಳದ ಪೈಲಟ್ ಆಗಲು ಬೇಕಾದ ಕಮರ್ಷಿಯಲ್ ಲೈಸೆನ್ಸಿಗೆ ಒಟ್ಟು 200 ಗಂಟೆ, ಅದರಲ್ಲಿ 100 ಗಂಟೆ ತಾನೇ ಹೊಣೆ ಹೊತ್ತು ಹಾರಿರಬೇಕು. ಸಹಿ ಹಾಕಿ ಪುಸ್ತಕ ತಿರುಗಿಸಿಕೊಟ್ಟ ಕ್ಯಾಪ್ಟನ್, "ಇನ್ನು 99 ಗಂಟೆ 50 ನಿಮಿಷ ಬಾಕಿ. ನಾಳೆ ಅಡ್ಡಗಾಳೀಲಿ ಇಳಿಸೋದು. ನಾನೂ ಬರ್ತೀನಿ" ಎಂದರು.